ಕಡಲಿಲ್ಲದ ಊರಲ್ಲಿ ಸ್ಕೂಬಾ: ಹಿಮದ ಸರೋವರಕ್ಕೆ ಇಳಿಯುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೆನಡಾದ ಕ್ಯಾಲ್ಗರಿಯಿಂದ ಕಡಲು ನೋಡಬೇಕು ಅಂದರೆ ವ್ಯಾಂಕೂವರ್‌ವರೆಗೆ ಸುಮಾರು 970 ಕಿಲೋಮೀಟರ್ ಕಾರು ಓಡಿಸಬೇಕು. ನಡುವೆ ಇಡೀ ರಾಕಿ ಪರ್ವತಸಾಲನ್ನು ದಾಟಬೇಕು. ಆದರೂ ಇಲ್ಲಿ ಶನಿವಾರ ಬೆಳಿಗ್ಗೆ ಎದ್ದು, ಕಾರಿನ ಡಿಕ್ಕಿಗೆ ಗಾಳಿ ಸಿಲಿಂಡರ್ ತುಂಬಿಕೊಂಡು ಹೊರಡುವ ಜನ ಇದ್ದಾರೆ. ನಾನೂ ಅವರಲ್ಲೊಬ್ಬಳು. ನಾವು ಹೋಗುವುದು ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ಮಿನ್ನೆವಾಂಕಾ ಸರೋವರಕ್ಕೆ. ಒಂದೂವರೆ ಗಂಟೆಯ ದಾರಿ.

ನಾನು ಡೈವಿಂಗ್ ಕಲಿತದ್ದು ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದಲ್ಲಿ. ಅಲ್ಲಿ ನೀರು ಬೆಚ್ಚಗೆ, ತೆಳ್ಳನೆಯ ಸೂಟ್ ಸಾಕು, ಕೈಗೆ ಏನೂ ಬೇಡ. ಅದೇ ಧೈರ್ಯದಲ್ಲಿ ಇಲ್ಲಿ ಮೊದಲ ಸಲ ಇಳಿದವಳು ಎಂಟನೇ ನಿಮಿಷಕ್ಕೆ ಮೇಲೆ ಬಂದೆ. ಸಿಲಿಂಡರಿನಲ್ಲಿ ಗಾಳಿ ಬೇಕಾದಷ್ಟಿತ್ತು. ಭಯವೂ ಆಗಿರಲಿಲ್ಲ. ಬೆರಳು ಕೆಲಸ ಮಾಡುವುದನ್ನು ನಿಲ್ಲಿಸಿಬಿಟ್ಟಿತ್ತು. ಗಾಳಿ ತುಂಬುವ ಬಟನ್ ಯಾವುದು, ಬಿಡುವ ಬಟನ್ ಯಾವುದು ಅಂತ ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ಅವತ್ತಿನಿಂದ ನನ್ನ ಲೆಕ್ಕ ಒಂದೇ: ಬೆರಳು ಮಾತು ಕೇಳುವಷ್ಟು ಹೊತ್ತು ಮಾತ್ರ ಡೈವ್. ಕೆಳಗೆ ಬರೆದಿರುವುದೆಲ್ಲ ಆ ಹೊತ್ತನ್ನು ನಾಲ್ಕು ನಿಮಿಷ ಜಾಸ್ತಿ ಮಾಡಿಕೊಳ್ಳುವುದು ಹೇಗೆ, ಅದು ಮುಗಿಯುವ ಮೊದಲು ಮೇಲೆ ಬರುವುದು ಹೇಗೆ ಅನ್ನುವುದರ ಬಗ್ಗೆ.

ಇದನ್ನು ಓದಿಕೊಂಡು ಸೀದಾ ನೀರಿಗೆ ಇಳಿಯಬೇಡಿ. ತರಬೇತಿಗೆ ಹೋಗುವ ಮೊದಲು ಏನೇನು ಕೇಳಬೇಕು, ಹೋಗಿ ಬಂದ ಮೇಲೆ ಏನು ಮರೆಯಬಾರದು ಅನ್ನುವುದಕ್ಕೆ ಇದು ಉಪಯೋಗಕ್ಕೆ ಬರುತ್ತದೆ.

ಇಳಿಯುವ ಮೊದಲು ಸರೋವರವನ್ನು ತಿಳಿದುಕೊಳ್ಳಿ

ಮಿನ್ನೆವಾಂಕಾ ಸಮುದ್ರಮಟ್ಟದಿಂದ 1,400 ಮೀಟರಿಗೂ ಮೇಲಿದೆ. ಉದ್ದ ಸುಮಾರು 21 ಕಿಲೋಮೀಟರ್, ಅತಿ ಆಳ 142 ಮೀಟರ್. ಇಲ್ಲಿನ ಮೂಲನಿವಾಸಿಗಳಾದ ಸ್ಟೋನಿ ನಕೋಡ ಜನ ಇದನ್ನು ಮಿನ್‌ವಾಕಿ, ಅಂದರೆ ಆತ್ಮಗಳ ನೀರು ಎಂದು ಕರೆಯುತ್ತಾರೆ. 1888ರ ಹೊತ್ತಿಗೆ ದಡದಲ್ಲಿ ಮಿನ್ನೆವಾಂಕಾ ಲ್ಯಾಂಡಿಂಗ್ ಎಂಬ ಪುಟ್ಟ ಪ್ರವಾಸಿ ಊರು ಬೆಳೆದಿತ್ತು. 1912ರಲ್ಲಿ ಒಂದು ಅಣೆಕಟ್ಟು ಬಂತು. 1941ರಲ್ಲಿ, ಮಹಾಯುದ್ಧದ ನಡುವೆ, ವಿದ್ಯುತ್ತಿಗಾಗಿ ಇನ್ನೊಂದು ಅಣೆಕಟ್ಟು ಕಟ್ಟಿದರು. ನೀರು ಸುಮಾರು 30 ಮೀಟರ್ ಏರಿತು. ಊರು ಮುಳುಗಿತು, ಹಳೆಯ ಅಣೆಕಟ್ಟೂ ಮುಳುಗಿತು. ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳ ಕಥೆ ಕೇಳಿ ಬೆಳೆದ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಡೈವರ್‌ಗಳು ನೋಡಲು ಹೋಗುವುದು ಅದನ್ನೇ: ಸೇತುವೆಯ ಕಂಬಗಳು, ಕಟ್ಟಡಗಳ ಅಡಿಪಾಯ, ಹಳೆಯ ಅಣೆಕಟ್ಟಿನ ಗೋಡೆ.

ಇನ್ನು ಚಳಿಯ ವಿಷಯ. ನೀರು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಆಳದ ಸಿಹಿನೀರಿನ ಸರೋವರದಲ್ಲಿ ಆ 4 ಡಿಗ್ರಿಯ ನೀರು ತಳಕ್ಕೆ ಹೋಗಿ ಕೂರುತ್ತದೆ. ಬೇಸಿಗೆಯಲ್ಲಿ ಬಿಸಿಲು ಮೇಲಿನ ಪದರವನ್ನು ಮಾತ್ರ ಸ್ವಲ್ಪ ಬೆಚ್ಚಗೆ ಮಾಡುತ್ತದೆ. ಎರಡರ ನಡುವೆ ಥರ್ಮೋಕ್ಲೈನ್ ಎಂಬ ಗಡಿ ಇರುತ್ತದೆ. ಅದನ್ನು ದಾಟುವುದು ಕಣ್ಣಿಗೂ ಕಾಣುತ್ತದೆ. ಕಾದ ರಸ್ತೆಯ ಮೇಲಿನ ಗಾಳಿಯ ಹಾಗೆ ನೀರು ನಡುಗುತ್ತದೆ, ಮರುಕ್ಷಣ ತುಟಿಗೆ ಐಸ್ ಒತ್ತಿದ ಹಾಗಾಗುತ್ತದೆ. ಆಗಸ್ಟ್‌ನಲ್ಲಿ ದಡದ ನೀರಿಗೆ ಕೈ ಹಾಕಿ "ಪರವಾಗಿಲ್ಲ ಅಲ್ವಾ" ಅನ್ನುವವರು ಬಹಳ. ಡೈವ್ ನಡೆಯುವುದು ಆ ಗಡಿಯ ಕೆಳಗೆ, ನಿಮ್ಮ ಸಿದ್ಧತೆ ಅಲ್ಲಿನ ನೀರಿಗೆ ಇರಬೇಕು.

ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟುತ್ತದೆ. ಐಸಿನ ಕೆಳಗೆ ಇಳಿಯುವುದು ಬೇರೆಯದೇ ವಿದ್ಯೆ, ಅದಕ್ಕೆ ಬೇರೆ ತರಬೇತಿ, ಹಗ್ಗ, ಮೇಲೆ ಕಾಯುವ ಜನ ಬೇಕು. ಈ ಬರಹದಲ್ಲಿ ಅದಿಲ್ಲ.

ಹೆಜ್ಜೆ 1: ತರಬೇತಿ

ಊರಿಂದ ಬಂದವರು ಹಲವರು "ನೇತ್ರಾಣಿಯಲ್ಲಿ ಡೈವ್ ಮಾಡಿದ್ದೇನೆ" ಅನ್ನುತ್ತಾರೆ. ಕೇಳಿದರೆ ಒಂದು ದಿನದ ಅನುಭವದ ಡೈವ್. ಅಲ್ಲಿ ತರಬೇತುದಾರರು ನಿಮ್ಮ ಟ್ಯಾಂಕ್ ಹಿಡಿದುಕೊಂಡೇ ಇರುತ್ತಾರೆ, ನೀವು ಉಸಿರಾಡಿದರೆ ಸಾಕು. ಅದು ಸರ್ಟಿಫಿಕೇಟ್ ಅಲ್ಲ. ಮೊದಲು ಓಪನ್ ವಾಟರ್ ಕೋರ್ಸ್ ಪೂರ್ತಿ ಮಾಡಿ. ಅದರ ಮಿತಿ 18 ಮೀಟರ್. ಆಮೇಲೆ ಡ್ರೈಸೂಟ್ ಕೋರ್ಸ್. ಡ್ರೈಸೂಟ್ ಅಂದರೆ ನೀರು ಒಳಗೆ ಬಾರದ, ಒಳಗೆ ಗಾಳಿ ತುಂಬಿಕೊಳ್ಳುವ ಸೂಟ್. ಸಾಧ್ಯವಾದರೆ ಎತ್ತರದ ಜಾಗದಲ್ಲಿ ಡೈವ್ ಮಾಡುವ ಕೋರ್ಸನ್ನೂ ಸೇರಿಸಿಕೊಳ್ಳಿ.

ಡ್ರೈಸೂಟ್ ಕೋರ್ಸ್ ಮಾಡದೆ ಬಾಡಿಗೆ ಸೂಟ್ ಹಾಕಿಕೊಂಡು ಇಳಿಯುವುದನ್ನು ನಾನು ಒಪ್ಪುವುದೇ ಇಲ್ಲ. ಸೂಟಿನೊಳಗಿನ ಗಾಳಿ ಪಾದದ ಕಡೆ ನುಗ್ಗಿದರೆ ತಲೆಕೆಳಗಾಗಿ ಮೇಲಕ್ಕೆ ಹಾರಿಬಿಡುತ್ತೀರಿ. ಅದರಿಂದ ಬಿಡಿಸಿಕೊಳ್ಳುವ ಉಪಾಯ ಇದೆ: ಮೊಣಕಾಲು ಮಡಚಿ, ಉಂಡೆಯಾಗಿ ಉರುಳಿ, ತಲೆ ಮೇಲಾದ ತಕ್ಷಣ ತೋಳಿನ ವಾಲ್ವ್‌ನಿಂದ ಗಾಳಿ ಬಿಡುವುದು. ಓದಿ ಬರುವ ವಿದ್ಯೆ ಅಲ್ಲ ಇದು. ಈಜುಕೊಳದಲ್ಲಿ ಹತ್ತು ಸಲ ಉರುಳಿಯೇ ಕಲಿಯಬೇಕು.

ಹೆಜ್ಜೆ 2: ಮೈ ಬೆಚ್ಚಗಿಡುವ ಬಟ್ಟೆ

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. 7 ಮಿಲಿಮೀಟರ್ ದಪ್ಪದ ರಬ್ಬರಿನ ವೆಟ್‌ಸೂಟ್‌ನಲ್ಲೂ ಇಲ್ಲಿ ಡೈವ್ ಮಾಡುವವರಿದ್ದಾರೆ. ಆದರೆ ಆಳಕ್ಕೆ ಹೋದಂತೆ ಒತ್ತಡಕ್ಕೆ ಆ ರಬ್ಬರ್ ತೆಳ್ಳಗಾಗುತ್ತದೆ. ಚಳಿ ಜಾಸ್ತಿ ಇರುವಲ್ಲೇ ಸೂಟ್ ಕಡಿಮೆ ಕೆಲಸ ಮಾಡುತ್ತದೆ. ವರ್ಷಕ್ಕೆ ಎರಡು ಮೂರು ಸಲಕ್ಕಿಂತ ಜಾಸ್ತಿ ಇಳಿಯುವ ಯೋಚನೆ ಇದ್ದರೆ ಡ್ರೈಸೂಟ್‌ಗೇ ದುಡ್ಡು ಹಾಕಿ.

ಡ್ರೈಸೂಟ್ ನೀರನ್ನು ಹೊರಗಿಡುತ್ತದೆ ಅಷ್ಟೇ. ಬೆಚ್ಚಗಿಡುವುದು ಒಳಗಿನ ಬಟ್ಟೆ ಮತ್ತು ಅದರಲ್ಲಿ ಸಿಕ್ಕಿಕೊಂಡ ಗಾಳಿ. ಇಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಹತ್ತಿ. ಹತ್ತಿ ಬನಿಯನ್, ಹತ್ತಿ ಕಾಲುಚೀಲ ಬೆವರು ಕುಡಿದು ಮೈಗೆ ಅಂಟುತ್ತವೆ, ಹತ್ತು ನಿಮಿಷದಲ್ಲಿ ಒದ್ದೆ ಬಟ್ಟೆ ಸುತ್ತಿಕೊಂಡ ಹಾಗಾಗುತ್ತದೆ. ಮೈಗೆ ತಾಗುವ ಪದರ ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ. ಅದರ ಮೇಲೆ ದಪ್ಪ ಫ್ಲೀಸ್ ಅಥವಾ ಡ್ರೈಸೂಟಿಗೆಂದೇ ಹೊಲಿದ ಒಳಸೂಟ್. ಉಣ್ಣೆಯ ಕಾಲುಚೀಲ ಒಂದೇ ಜೊತೆ ಸಾಕು. ಎರಡು ಜೊತೆ ಹಾಕಿ ಬೂಟು ಬಿಗಿಯಾದರೆ ರಕ್ತ ಓಡಾಡದೆ ಪಾದ ಇನ್ನೂ ಬೇಗ ತಣ್ಣಗಾಗುತ್ತದೆ.

ಕತ್ತು, ಮಣಿಕಟ್ಟಿನ ಸೀಲ್ ಲೇಟೆಕ್ಸ್‌ನದಾಗಿದ್ದರೆ ವಾಸನೆಯಿಲ್ಲದ ಟಾಲ್ಕ್ ಪುಡಿ ಸವರಿ. ಬೆರಳುಗಳನ್ನು ಬಳೆ ತೊಡುವಾಗ ಮಾಡುವ ಹಾಗೆ ಒಟ್ಟು ಸೇರಿಸಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಮೆಲ್ಲಗೆ ತಳ್ಳಬೇಕು. ಉಗುರು ತಾಗಿದರೆ ಹರಿಯಿತು ಅಂತಲೇ ಲೆಕ್ಕ. ಬಳೆ, ಉಂಗುರ, ವಾಚು, ಕತ್ತಿನ ಸರ ಎಲ್ಲ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ಉದ್ದ ಕೂದಲಿದ್ದರೆ ಜಡೆ ಬಿಗಿಯಾಗಿ ಹೆಣೆದು ಮೇಲೆ ಸುತ್ತಿ. ಕತ್ತಿನ ಸೀಲ್ ಕೆಳಗೆ ಒಂದೇ ಒಂದು ಕೂದಲೆಳೆ ಸಿಕ್ಕಿಕೊಂಡರೂ ಅದರ ಗುಂಟ ನೀರು ಇಳಿಯುತ್ತದೆ. ಎದೆಯ ಮೇಲೆ ತಣ್ಣನೆಯ ದಾರವೊಂದು ಹರಿದಾಡಿದ ಹಾಗೆ ಅನ್ನಿಸುತ್ತದೆ, ಅರ್ಧ ಗಂಟೆಯಲ್ಲಿ ಒಳಸೂಟಿನ ಮುಂಭಾಗ ನೆನೆದಿರುತ್ತದೆ.

ತಲೆಗೆ 7 ಮಿಲಿಮೀಟರ್ ಹುಡ್ ಬೇಕೇ ಬೇಕು. ಅದಿಲ್ಲದೆ ಮುಖ ಮುಳುಗಿಸಿದರೆ ಹಣೆಯೊಳಗೆ ಮೊಳೆ ಹೊಡೆದ ಹಾಗೆ ನೋವು ಬರುತ್ತದೆ.

ಕೈಗೆ ಮೂರು ದಾರಿ. ಐದು ಬೆರಳಿನ 5 ಮಿಲಿಮೀಟರ್ ಗ್ಲೌಸ್, ಮೂರು ಬೆರಳಿನ ದಪ್ಪ ಗ್ಲೌಸ್, ಇಲ್ಲವೇ ಸೂಟಿಗೆ ರಿಂಗ್ ಹಾಕಿ ಸೇರಿಸುವ ಡ್ರೈಗ್ಲೌಸ್. ಎರಡು ವರ್ಷ ಮೊದಲ ಬಗೆಯಲ್ಲೇ ಒದ್ದಾಡಿ ಕೊನೆಗೆ ಡ್ರೈಗ್ಲೌಸ್‌ಗೆ ಬಂದೆ. ಅದರಲ್ಲಿ ಒಳಗೆ ಉಣ್ಣೆಯ ತೆಳು ಗ್ಲೌಸ್ ಹಾಕಿಕೊಳ್ಳಬಹುದು. ಮಣಿಕಟ್ಟಿನ ಸೀಲ್ ಕೆಳಗೆ ಒಂದು ತುಂಡು ದಾರ ಅಥವಾ ಸಣ್ಣ ಕೊಳವೆ ತೂರಿಸಿದರೆ ಸೂಟಿನ ಗಾಳಿ ಗ್ಲೌಸಿಗೂ ಹೋಗುತ್ತದೆ, ಒತ್ತಡಕ್ಕೆ ಗ್ಲೌಸ್ ಕೈಗೆ ಕಚ್ಚುವುದಿಲ್ಲ. ಆದರೆ ಗ್ಲೌಸ್ ಹರಿದರೆ ಅದೇ ದಾರಿಯಲ್ಲಿ ನೀರು ಸೂಟಿಗೆ ಬರುತ್ತದೆ ಅನ್ನುವುದು ನೆನಪಿರಲಿ. ಸಾಮಾನ್ಯ ಗ್ಲೌಸ್ ಹಾಕುವವರು ಫ್ಲಾಸ್ಕಿನಲ್ಲಿ ಉಗುರುಬೆಚ್ಚಗಿನ ನೀರು ತಂದು, ಇಳಿಯುವ ಮೊದಲು ಗ್ಲೌಸಿಗೂ ಹುಡ್‌ಗೂ ಸುರಿದುಕೊಳ್ಳಿ. ಒಳಗೆ ಮೊದಲು ತುಂಬಿಕೊಳ್ಳುವುದು ಬೆಚ್ಚಗಿನ ನೀರಾದರೆ ಬೆರಳಿಗೆ ಐದಾರು ನಿಮಿಷ ಜಾಸ್ತಿ ಸಿಗುತ್ತದೆ.

ಹೆಜ್ಜೆ 3: ರೆಗ್ಯುಲೇಟರ್, ಮತ್ತು ಅದು ಹೆಪ್ಪುಗಟ್ಟಿದರೆ

ತಣ್ಣೀರಿನ ಡೈವಿಂಗ್‌ನಲ್ಲಿ ಒಂದೇ ಒಂದು ವಿಷಯ ಸರಿಯಾಗಿ ಅರ್ಥ ಮಾಡಿಕೊಳ್ಳುತ್ತೀರಿ ಅಂದರೆ ಇದನ್ನು ಮಾಡಿಕೊಳ್ಳಿ.

ಸಿಲಿಂಡರಿನಲ್ಲಿ ಗಾಳಿ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ಅದನ್ನು ಉಸಿರಾಡುವ ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ಸಾಧನವೇ ರೆಗ್ಯುಲೇಟರ್. ಸಿಲಿಂಡರಿಗೆ ಹಾಕುವ ಅದರ ಮೊದಲ ಭಾಗ ಫಸ್ಟ್ ಸ್ಟೇಜ್. ಅದು ಗಾಳಿಯನ್ನು ಒಂದೇ ಏಟಿಗೆ ಸುತ್ತಲಿನ ಒತ್ತಡಕ್ಕಿಂತ 10 ಬಾರ್‌ನಷ್ಟು ಮಾತ್ರ ಹೆಚ್ಚಿರುವ ಮಟ್ಟಕ್ಕೆ ಇಳಿಸುತ್ತದೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ಬೆರಳಿಗೆ ತಣ್ಣಗೆ ತಾಗುತ್ತದಲ್ಲ, ಹಾಗೆಯೇ ಇಲ್ಲೂ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ಆದರೆ ಇಲ್ಲಿ ಅದು ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತದೆ. ಸುತ್ತಲಿನ ನೀರು 20 ಡಿಗ್ರಿ ಇದ್ದರೆ ಲೋಹ ಮತ್ತೆ ಬೆಚ್ಚಗಾಗುತ್ತದೆ. ನೀರೇ 4 ಡಿಗ್ರಿ ಇದ್ದರೆ ಆ ಅವಕಾಶ ಕಡಿಮೆ. ವಾಲ್ವ್ ಸುತ್ತ ಐಸ್ ಕಟ್ಟಿ, ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಳಿ ನಿಲ್ಲದೆ ಬುಸುಗುಟ್ಟುತ್ತದೆ. ಇದಕ್ಕೆ ಫ್ರೀ ಫ್ಲೋ ಅನ್ನುತ್ತಾರೆ. ತುಂಬಿದ ಸಿಲಿಂಡರ್ ಕೆಲವೇ ನಿಮಿಷದಲ್ಲಿ ಖಾಲಿ.

ಕೊಳ್ಳುವಾಗ ತಣ್ಣೀರಿಗೆ ಪರೀಕ್ಷೆಯಾದ ರೆಗ್ಯುಲೇಟರ್ ಬೇಕು ಎಂದು ಕೇಳಿ. ಯುರೋಪಿನ ಇಎನ್ 250 ಮಾನದಂಡದಲ್ಲಿ 10 ಡಿಗ್ರಿಗಿಂತ ತಣ್ಣನೆಯ ನೀರಿಗೆ ಬೇರೆ ಪರೀಕ್ಷೆ ಇದೆ. ಫಸ್ಟ್ ಸ್ಟೇಜ್ ಡಯಾಫ್ರಮ್ ಬಗೆಯದಾಗಿರಲಿ, ಹೊರಗಿನ ನೀರು ಒಳಗೆ ಸುಳಿಯದಂತೆ ಮುಚ್ಚಿದ್ದಾಗಿರಲಿ. ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿ. ಸಿಲಿಂಡರ್ ತುಂಬಿಸುವಾಗ ಗಾಳಿ ಒಣಗಿದ್ದಾಗಿರಬೇಕು, ಅದರಲ್ಲಿರುವ ತೇವವೇ ಒಳಗೆ ಐಸ್ ಆಗುತ್ತದೆ.

ಬಳಸುವಾಗ ಕೆಲವು ಅಭ್ಯಾಸ. ದಡದಲ್ಲಿ ರೆಗ್ಯುಲೇಟರಿನಿಂದ ಸುಮ್ನೆ ಉಸಿರಾಡಬೇಡಿ, ನಿಮ್ಮ ಉಸಿರಿನ ತೇವ ಅದರಲ್ಲಿ ಕೂರುತ್ತದೆ. ಪರೀಕ್ಷೆಗೆ ಒಂದೆರಡು ಉಸಿರು ಸಾಕು, ಅದೂ ನೀರಿನಲ್ಲಿ ಮುಳುಗಿಸಿ. ಗಾಳಿಯನ್ನು ರಭಸವಾಗಿ ಹೊರಬಿಡುವ ಪರ್ಜ್ ಬಟನ್ ಒತ್ತಬೇಡಿ. ಬಿಸಿಡಿಗೆ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್), ಸೂಟಿಗೆ ಗಾಳಿ ತುಂಬುವಾಗ ಚುಟುಕು ಚುಟುಕಾಗಿ ಒತ್ತಿ. ಒತ್ತುವಾಗ ಉಸಿರು ಎಳೆಯಬೇಡಿ.

ಈ ಕೊನೆಯದನ್ನು ನಾನು ಪಾಠವಾಗಿ ಕಲಿತೆ. 14 ಮೀಟರಿನಲ್ಲಿ ಸ್ವಲ್ಪ ಬೇಗ ಇಳಿಯುತ್ತಿದ್ದೆ. ಗಾಬರಿಯಲ್ಲಿ ಸೂಟಿನ ಬಟನ್ ಒತ್ತಿ ಹಿಡಿದೆ, ಅದೇ ಕ್ಷಣ ದೊಡ್ಡ ಉಸಿರೂ ಎಳೆದೆ. ಟಕ್ ಎಂದು ಸಣ್ಣ ಸದ್ದು. ಆಮೇಲೆ ಬಾಯಿ ತುಂಬ ಗಾಳಿ, ಮಾಸ್ಕಿನ ಮುಂದೆ ಬಿಳಿ ಗುಳ್ಳೆಗಳ ಪರದೆ, ಹಲ್ಲು ಜುಮ್ ಎನ್ನುವಷ್ಟು ಚಳಿ. ಜೊತೆಗಾರ ಒಂದು ಕೈಯಳತೆಯಲ್ಲಿದ್ದ. ತನ್ನ ಎರಡನೇ ರೆಗ್ಯುಲೇಟರ್ ನನ್ನ ಬಾಯಿಗೆ ಕೊಟ್ಟ, ನನ್ನ ಹಿಂದೆ ಬಂದು ವಾಲ್ವ್ ಮುಚ್ಚಿದ. ಗುಳ್ಳೆ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಮೆಲ್ಲಗೆ ಮೇಲೆ ಬಂದೆವು. ಅವನು ಐದು ಮೀಟರ್ ದೂರ ಇದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ಹಾಗಾದಾಗ ಮಾಡಬೇಕಾದ್ದು ಇಷ್ಟು:

- ರೆಗ್ಯುಲೇಟರನ್ನು ಬಾಯಿಂದ ಕಿತ್ತೆಸೆಯಬೇಡಿ. ತುಟಿ ಪೂರ್ತಿ ಮುಚ್ಚದೆ, ಒಂದು ಪಕ್ಕ ಬಿಟ್ಟು, ಹೊರಬರುವ ಗಾಳಿಯಿಂದಲೇ ಬೇಕಾದಷ್ಟು ಹೀರಿ.
- ಜೊತೆಗಾರರಿಗೆ ತೋರಿಸಿ, ಅವರ ಎರಡನೇ ರೆಗ್ಯುಲೇಟರ್ ತೆಗೆದುಕೊಳ್ಳಿ. ಅದು ಬಾಯಿಗೆ ಬಂದ ಮೇಲಷ್ಟೇ ನಿಮ್ಮ ವಾಲ್ವ್ ಮುಚ್ಚಬೇಕು.
- ಈಗ ಇಬ್ಬರೂ ಒಂದೇ ಫಸ್ಟ್ ಸ್ಟೇಜ್‌ನಿಂದ ಉಸಿರಾಡುತ್ತಿದ್ದೀರಿ, ಅದೂ ಹೆಪ್ಪುಗಟ್ಟಬಹುದು. ಉಸಿರು ನಿಧಾನ ಮಾಡಿ, ಆ ಸಿಲಿಂಡರಿನಿಂದ ಬಿಸಿಡಿಗೆ ಗಾಳಿ ತುಂಬಬೇಡಿ.
- ಡೈವ್ ಅಲ್ಲಿಗೆ ಮುಗಿಯಿತು. ಸರಿಯಾಯಿತು ಅನ್ನಿಸಿದರೂ ಮುಂದುವರಿಯಬೇಡಿ.

ಇದನ್ನು ತಪ್ಪಿಸುವ ಒಳ್ಳೆಯ ಉಪಾಯ ಎರಡು ವಾಲ್ವ್ ಇರುವ ಸಿಲಿಂಡರಿಗೆ ಎರಡು ಬೇರೆ ಬೇರೆ ಫಸ್ಟ್ ಸ್ಟೇಜ್ ಹಾಕುವುದು. ಒಂದು ಹೆಪ್ಪುಗಟ್ಟಿದರೆ ಅದನ್ನು ಮುಚ್ಚಿ ಇನ್ನೊಂದರಲ್ಲಿ ಉಸಿರಾಡಬಹುದು. ಆ ಘಟನೆಯ ನಂತರ ನಾನು ಬೇರೆ ರೀತಿಯಲ್ಲಿ ಇಳಿದಿಲ್ಲ.

ಹೆಜ್ಜೆ 4: ಸೀಸದ ಲೆಕ್ಕ

ಉಪ್ಪುನೀರಿಗಿಂತ ಸಿಹಿನೀರು ಶೇಕಡಾ 2.5ರಷ್ಟು ಹಗುರ. ನೀವು ಮತ್ತು ನಿಮ್ಮ ಸಾಮಾನು ಸೇರಿ 100 ಕಿಲೋ ಇದ್ದರೆ, ಮುಳುಗಲು ಕಟ್ಟಿಕೊಳ್ಳುವ ಸೀಸ ಅದೇ ಸೂಟಿನಲ್ಲಿ ಸಮುದ್ರಕ್ಕಿಂತ ಇಲ್ಲಿ ಸುಮಾರು 2.5 ಕಿಲೋ ಕಡಿಮೆ ಸಾಕು. ಆದರೆ ಡ್ರೈಸೂಟ್ ಮತ್ತು ಒಳಬಟ್ಟೆ ಎಷ್ಟು ತೇಲಿಸುತ್ತವೆ ಅಂದರೆ ನೇತ್ರಾಣಿಯಲ್ಲಿ ಹಾಕಿದ್ದಕ್ಕಿಂತ ಎಷ್ಟೋ ಜಾಸ್ತಿಯೇ ಬೇಕಾಗುತ್ತದೆ. ಹಳೆಯ ಸಂಖ್ಯೆ ಮರೆತು ಹೊಸದಾಗಿ ಅಳೆಯಿರಿ. ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಾಗ, ಸೂಟು, ಬಿಸಿಡಿ ಎರಡರ ಗಾಳಿಯನ್ನೂ ಬಿಟ್ಟು, ಸಹಜವಾಗಿ ಉಸಿರು ಹಿಡಿದರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಒಳಬಟ್ಟೆ ಬದಲಾದರೆ ಮತ್ತೆ ಅಳೆಯಬೇಕು.

ಹೆಜ್ಜೆ 5: ಎತ್ತರದ ಲೆಕ್ಕ

ಸಮುದ್ರದಲ್ಲಿ ಕಲಿತವರಿಗೆ ಇದು ಹೊಳೆಯುವುದೇ ಇಲ್ಲ. 300 ಮೀಟರಿಗಿಂತ ಮೇಲಿರುವ ನೀರಿನಲ್ಲಿ ಇಳಿದರೆ ಅದು ಎತ್ತರದ ಡೈವ್ ಎಂದು ಡೈವಿಂಗ್ ತರಬೇತಿಯ ಪಾಡಿ ಸಂಸ್ಥೆ ಲೆಕ್ಕ ಹಾಕುತ್ತದೆ. ಮಿನ್ನೆವಾಂಕಾದ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇಕಡಾ 84 ಮಾತ್ರ. ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗುವುದು ಕೆಳಗಿನ ಒತ್ತಡಕ್ಕೂ ಮೇಲಿನ ಒತ್ತಡಕ್ಕೂ ಇರುವ ಅನುಪಾತದ ಮೇಲೆ ನಿಂತಿದೆ. ಮೇಲಿನ ಒತ್ತಡ ಕಡಿಮೆ ಆದಷ್ಟೂ ಅಪಾಯ ಜಾಸ್ತಿ. ಹಾಗಾಗಿ ಇಲ್ಲಿನ 18 ಮೀಟರನ್ನು, ಯಾವ ಆಳದಲ್ಲಿ ಎಷ್ಟು ಹೊತ್ತು ಇರಬಹುದು ಎಂದು ಹೇಳುವ ಸಮುದ್ರದ ಟೇಬಲ್ಲಿನಲ್ಲಿ 21-22 ಮೀಟರ್ ಎಂದು ಹಿಡಿಯಬೇಕು. ಅದರ ಮೇಲೆ ಚಳಿಗೆ ಇನ್ನೂ 4 ಮೀಟರ್ ಸೇರಿಸಿ ಲೆಕ್ಕ ಹಾಕುವುದು ಒಳ್ಳೆಯದು. ಇಳಿಯುವಾಗ ಮೈ ಬೆಚ್ಚಗಿದ್ದು ನೈಟ್ರೋಜನ್ ಬೇಗ ಸೇರುತ್ತದೆ, ಮೇಲೆ ಬರುವಾಗ ಮೈ ತಣ್ಣಗಾಗಿ ನಿಧಾನಕ್ಕೆ ಹೊರಹೋಗುತ್ತದೆ.

ಡೈವ್ ಕಂಪ್ಯೂಟರ್ ಇದ್ದರೆ ಅದನ್ನು ಸರೋವರದ ದಡದಲ್ಲೇ ಆನ್ ಮಾಡಿ. ಕೆಲವು ತಾವೇ ಎತ್ತರ ಕಂಡುಹಿಡಿಯುತ್ತವೆ, ಕೆಲವಕ್ಕೆ ನೀವು ಹೇಳಬೇಕು. ಉಪ್ಪುನೀರು, ಸಿಹಿನೀರಿನ ಆಯ್ಕೆಯನ್ನೂ ನೋಡಿಕೊಳ್ಳಿ. ಮೇಲೆ ಬರುವ ವೇಗ ನಿಮಿಷಕ್ಕೆ 9 ಮೀಟರ್ ದಾಟಬಾರದು. ಸೇಫ್ಟಿ ಸ್ಟಾಪ್, ಅಂದರೆ ಪೂರ್ತಿ ಮೇಲೆ ಬರುವ ಮೊದಲು ಸ್ವಲ್ಪ ಆಳದಲ್ಲೇ ನಿಲ್ಲುವುದು, ಮೂರು ನಿಮಿಷ, ತಪ್ಪಿಸಬೇಡಿ.

ಕೆಳಗಿನ ಊರಿಂದ ಬಂದ ದಿನವೇ ಇಳಿಯುವವರು ಒಂದು ವಿಷಯ ಗಮನಿಸಿ. ಎತ್ತರಕ್ಕೆ ಬಂದ ಮೇಲೆ ಮೈಯಲ್ಲಿರುವ ಹೆಚ್ಚುವರಿ ನೈಟ್ರೋಜನ್ ಹೊರಹೋಗಲು ಕನಿಷ್ಠ 6 ಗಂಟೆ ಬೇಕು. ಬೆಂಗಳೂರಿಂದ ಬಂದ ನೆಂಟರು ವಿಮಾನ ಇಳಿದು ಸೀದಾ ನೀರಿಗೆ ಅನ್ನುವುದು ಬೇಡ. ಒಂದು ರಾತ್ರಿ ಮಲಗಿ ಬರಲಿ.

ಡೈವ್ ಆದ ಮೇಲೆ ಎಲ್ಲಿ ಹೋಗುತ್ತೀರಿ ಅನ್ನುವುದೂ ಡೈವಿನ ಭಾಗವೇ. ಕ್ಯಾಲ್ಗರಿ ಇಳಿಜಾರಿನ ಕಡೆ ಇದೆ, ಮನೆಗೆ ಹೋಗುವುದು ಕ್ಷೇಮ. ಆದರೆ "ಹೇಗೂ ಬಂದಿದ್ದೇವೆ" ಎಂದು ಬ್ಯಾನ್ಫ್ ಗೊಂಡೋಲ, ಅಂದರೆ ರೋಪ್‌ವೇ, ಹತ್ತಿದರೆ 2,281 ಮೀಟರಿಗೆ ಹೋಗುತ್ತೀರಿ. ಐಸ್‌ಫೀಲ್ಡ್ಸ್ ರಸ್ತೆಯ ಬೋ ಸಮ್ಮಿಟ್ 2,000 ಮೀಟರಿಗೂ ಮೇಲೆ. ಡೈವ್ ಮಾಡಿದ ದಿನ ಎರಡೂ ಬೇಡ. ಮಕ್ಕಳಿಗೆ ಗೊಂಡೋಲ ತೋರಿಸಬೇಕಿದ್ದರೆ ಹಿಂದಿನ ದಿನ ತೋರಿಸಿ.

ಹೆಜ್ಜೆ 6: ಎಷ್ಟು ಹೊತ್ತಿಗೆ ಗಾಳಿ ಸಾಕು

ಸಾಮಾನ್ಯ ಅಲ್ಯೂಮಿನಿಯಂ 80 ಸಿಲಿಂಡರಿನಲ್ಲಿ ಸುಮಾರು 2,200 ಲೀಟರ್ ಗಾಳಿ ಇರುತ್ತದೆ. ಇಲ್ಲಿ 18 ಮೀಟರ್ ಆಳದಲ್ಲಿ ಒಟ್ಟು ಒತ್ತಡ ಸುಮಾರು 2.6 ಬಾರ್. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು ಅಲ್ಲಿ 52 ಲೀಟರ್ ಖರ್ಚು ಮಾಡುತ್ತಾರೆ. ಚಳಿಗೆ ಉಸಿರು ಏರಿ 28 ಲೀಟರ್ ಆದರೆ ಖರ್ಚು 73. ಜೊತೆಗೆ ಸೂಟಿಗೂ ಅದರಿಂದಲೇ ಗಾಳಿ ಹೋಗುತ್ತದೆ.

ನಾನು ಮೂರು ಪಾಲು ಮಾಡುತ್ತೇನೆ. ಒಂದು ಪಾಲು ಹೋಗಲು, ಒಂದು ಬರಲು, ಒಂದು ಮುಟ್ಟಬಾರದ್ದು. ಎರಡು ಪಾಲನ್ನು 52ರಿಂದ ಭಾಗಿಸಿದರೆ 28 ನಿಮಿಷ, 73ರಿಂದ ಭಾಗಿಸಿದರೆ 20. ಮೊದಲ ಐದಾರು ಡೈವ್‌ಗೆ 20 ನಿಮಿಷ ಎಂದೇ ಇಟ್ಟುಕೊಳ್ಳಿ, ಆಳ 12 ಮೀಟರ್ ದಾಟಬೇಡಿ.

ಹೆಜ್ಜೆ 7: ದಡದಲ್ಲಿ

ಬೇಗ ಹೋಗಿ. ಬೇಸಿಗೆಯಲ್ಲಿ ಬೆಳಿಗ್ಗೆ ತಡವಾದರೆ ಪಾರ್ಕಿಂಗ್ ಸಿಗುವುದಿಲ್ಲ, ಮಧ್ಯಾಹ್ನ ಕಣಿವೆಯ ಗುಂಟ ಗಾಳಿ ಎದ್ದು ಅಲೆ ಬರುತ್ತದೆ. ಬೆಳಗಿನ ತಿಂಡಿ ಎರಡು ಗಂಟೆ ಮೊದಲು ಮುಗಿಸಿ. ನನ್ನದು ಯಾವಾಗಲೂ ಉಪ್ಪಿಟ್ಟು. ಪೂರಿ, ಬಜ್ಜಿ ಬೇಡ, ನೀರಿನಲ್ಲಿ ತಲೆ ಕೆಳಗಾದಾಗ ಹುಳಿತೇಗು ಬರುತ್ತದೆ. ನೀರು ಕುಡಿಯುವುದನ್ನು ಬಿಡಬೇಡಿ. ಚಳಿಗೆ ಮೂತ್ರ ಜಾಸ್ತಿ ಆಗುತ್ತದೆ ಎಂದು ಕುಡಿಯದೇ ಇಳಿಯುವವರಿದ್ದಾರೆ. ಮೈಯಲ್ಲಿ ನೀರು ಕಡಿಮೆಯಾದರೆ ನೈಟ್ರೋಜನ್ ಕಾಯಿಲೆಯ (ಮೈಯಲ್ಲಿ ನೈಟ್ರೋಜನ್ ಗುಳ್ಳೆ ಕಟ್ಟುವುದು) ಅಪಾಯ ಏರುತ್ತದೆ.

ಸಾಮಾನನ್ನು ಮೊದಲು ಜೋಡಿಸಿ, ಸೂಟ್ ಆಮೇಲೆ ಹಾಕಿ. ಒಳಸೂಟ್ ಹಾಕಿಕೊಂಡು ಬಿಸಿಲಲ್ಲಿ ಸಿಲಿಂಡರ್ ಹೊತ್ತರೆ ಬೆವರುತ್ತೀರಿ, ಆ ಬೆವರು ಕೆಳಗೆ ಐಸಿನ ಹಾಗೆ ಕಾಡುತ್ತದೆ. ಬೆರಳು ಬೇಕಾಗುವ ಕೆಲಸವೆಲ್ಲ, ಅಂದರೆ ಕ್ಲಿಪ್, ಬಕಲ್, ಟಾರ್ಚಿನ ದಾರ, ಗ್ಲೌಸ್ ಹಾಕುವ ಮೊದಲೇ ಮುಗಿಯಬೇಕು. ಗ್ಲೌಸ್ ಕಟ್ಟಕಡೆಗೆ.

ಜೊತೆಗಾರರೊಂದಿಗೆ ನಾಲ್ಕು ಮಾತು ಆಡಿಕೊಳ್ಳಿ: ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ಬಾರ್‌ಗೆ ತಿರುಗುವುದು, ಬೆರಳು ಮರಗಟ್ಟಿದರೆ ಏನು ಸನ್ನೆ. ಮೂರು ಬೆರಳಿನ ಗ್ಲೌಸಿನಲ್ಲಿ ಸಣ್ಣ ಸನ್ನೆ ಕಾಣುವುದಿಲ್ಲ. ಇಡೀ ತೋಳು ಬಳಸಿ, ಅಥವಾ ಟಾರ್ಚ್. ಬೆಳಕಿನ ವೃತ್ತ ಸುತ್ತಿಸಿದರೆ ಎಲ್ಲ ಸರಿ, ಬೇಗ ಬೇಗ ಆಚೀಚೆ ಆಡಿಸಿದರೆ ತೊಂದರೆ. ಹೆಬ್ಬೆರಳು ಮೇಲೆ ಎತ್ತಿದರೆ ಡೈವ್ ಮುಗಿಯಿತು, ಯಾಕೆ ಎಂದು ದಡದಲ್ಲೂ ಯಾರೂ ಕೇಳಬಾರದು. ನಮ್ಮ ಗುಂಪಿನಲ್ಲಿ ಇದೊಂದು ಕಟ್ಟುನಿಟ್ಟು.

ಸರೋವರದಲ್ಲಿ ಮೋಟಾರು ದೋಣಿಗಳು ಓಡಾಡುತ್ತವೆ. ಡೈವ್ ಬಾವುಟ ಹಾರಿಸಿ. ಆಮ್ಲಜನಕದ ಕಿಟ್ ಕಾರಿನಲ್ಲಿರಲಿ, ಅದನ್ನು ಬಳಸಲು ಬರುವ ಒಬ್ಬರು ದಡದಲ್ಲಿರಲಿ. ತುರ್ತಿಗೆ 911.

ಹೆಜ್ಜೆ 8: ನೀರಿನಲ್ಲಿ

ಸೊಂಟದವರೆಗೆ ನಡೆದು ಹೋಗಿ ನಿಲ್ಲಿ. ರೆಗ್ಯುಲೇಟರ್ ಬಾಯಲ್ಲಿಟ್ಟು ಮುಖ ಮುಳುಗಿಸಿ. ಎದೆ ಬಿಗಿಯುತ್ತದೆ, ಉಸಿರು ತಾನಾಗಿ ಏದುಸಿರಾಗುತ್ತದೆ. ಅದು ಚಳಿಯ ಆಘಾತ, ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ಇಳಿಯುವವರೆಗೆ ಅಲ್ಲೇ ಇರಿ. ಉಸಿರು ಬಿಡುವುದನ್ನು ಉದ್ದ ಮಾಡಿ, ನಾಲ್ಕು ಎಣಿಸಿ ಎಳೆದರೆ ಆರು ಎಣಿಸಿ ಬಿಡಿ. ಏದುಸಿರಿನಲ್ಲೇ ಕೆಳಗೆ ಹೋದವರ ರೆಗ್ಯುಲೇಟರ್ ಹೆಪ್ಪುಗಟ್ಟುವ ಸಾಧ್ಯತೆಯೂ ಜಾಸ್ತಿ.

ಕಾಲು ಮೊದಲಾಗಿ, ನಿಧಾನಕ್ಕೆ ಇಳಿಯಿರಿ. ಸೂಟ್ ಮೈಗೆ ಚಿವುಟಿದ ಹಾಗಾದರೆ ಒಂದು ಚುಟುಕು ಗಾಳಿ. ಕಿವಿಯ ಒತ್ತಡವನ್ನು ಮತ್ತೆ ಮತ್ತೆ ಸಮ ಮಾಡಿಕೊಳ್ಳಿ. ಹುಡ್ ಕಿವಿಗೆ ಅಂಟಿದ್ದರೆ ಬೆರಳಲ್ಲಿ ಸ್ವಲ್ಪ ಎಳೆದು ನೀರು ಬಿಟ್ಟುಕೊಳ್ಳಿ.

ಇಲ್ಲಿ ಸಮುದ್ರದ ನೀಲಿ ಇಲ್ಲ. ಹಸಿರು, ಆಮೇಲೆ ಬೂದು ಹಸಿರು. ಹಿಮನದಿಗಳು ಬಂಡೆಯನ್ನು ಅರೆದು ಮಾಡಿದ ನುಣುಪು ಹುಡಿ ನೀರಲ್ಲಿ ತೇಲುತ್ತಿರುತ್ತದೆ. ತಳದಲ್ಲೂ ಅದೇ, ರಾಗಿ ಹಿಟ್ಟಿನ ಹಾಗೆ ಮೆತ್ತಗೆ. ಒಂದು ಸಲ ಕಾಲಿನ ಫಿನ್ಸ್ ತಾಗಿದರೆ ಸಾಕು, ಮೋಡ ಎದ್ದು ಕೈ ಕಾಣದಂತಾಗುತ್ತದೆ. ಕಾಲು ಮೇಲೆ ಕೆಳಗೆ ಬಡಿಯಬೇಡಿ, ಮೊಣಕಾಲು ಮಡಚಿ ಕಪ್ಪೆಯ ಹಾಗೆ ಪಕ್ಕಕ್ಕೆ ತಳ್ಳಿ. ತಳದಿಂದ ಒಂದೂವರೆ ಮೀಟರ್ ಮೇಲಿರಿ. ಕಾಣದಂತಾದರೆ ಜೊತೆಗಾರರ ಕೈ ಹಿಡಿದು ಮೇಲಕ್ಕೆ ಬನ್ನಿ, ಅಲ್ಲೇ ಈಜಾಡಿ ಹುಡುಕಬೇಡಿ.

ಮೊದಲ ಸಲ ಜಾಗ ಗೊತ್ತಿರುವವರ ಜೊತೆಗೇ ಹೋಗಿ. ಸೇತುವೆಯ ಕಂಬ ಕಾಣುವ ಬಗೆ ನನಗೆ ಇನ್ನೂ ಹಳತಾಗಿಲ್ಲ. ಮೊದಲು ಏನೂ ಇಲ್ಲ. ಆಮೇಲೆ ಹಸಿರಿನಲ್ಲಿ ಸ್ವಲ್ಪ ಗಾಢವಾದ ಒಂದು ಗೆರೆ. ಇನ್ನೆರಡು ಸಲ ಕಾಲು ತಳ್ಳಿದರೆ ಅದು ಮರ, ಮನುಷ್ಯರು ಕಡಿದು ನಿಲ್ಲಿಸಿದ ಮರ. ಸಿಹಿನೀರಿನಲ್ಲಿ ಮರ ತಿನ್ನುವ ಕಡಲಹುಳ ಇಲ್ಲ, ಹಾಗಾಗಿ ಇಷ್ಟು ವರ್ಷವಾದರೂ ಉಳಿದಿದೆ. ಮುಟ್ಟಬೇಡಿ, ಏನನ್ನೂ ಎತ್ತಿಕೊಂಡು ಬರಬೇಡಿ. ಇದು ರಾಷ್ಟ್ರೀಯ ಉದ್ಯಾನ, ಒಂದು ಮೊಳೆ ತಂದರೂ ಅಪರಾಧ. ಈ ದಡಗಳಲ್ಲಿ 10,000 ವರ್ಷಕ್ಕೂ ಹಿಂದೆ ಮನುಷ್ಯರು ಬೀಡುಬಿಟ್ಟ ಗುರುತುಗಳೂ ಸಿಕ್ಕಿವೆ.

ಐದು ನಿಮಿಷಕ್ಕೊಮ್ಮೆ ಬೆರಳ ಪರೀಕ್ಷೆ ಮಾಡಿ. ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ, ಮೂರು ಬೆರಳಿನ ಗ್ಲೌಸಾದರೆ ಬಿಗಿಯಾಗಿ ಮುಷ್ಟಿ ಕಟ್ಟಿ ಬಿಡಿಸಿ. ಒಂದೇ ಯತ್ನಕ್ಕೆ ಆಗದಿದ್ದರೆ ತಿರುಗಿ. ನಡುಕ ಶುರುವಾದರೆ ಇನ್ನು ಕಾಯಬೇಡಿ. ಜೊತೆಗಾರರು ಸನ್ನೆಗೆ ತಡವಾಗಿ ಉತ್ತರಿಸಿದರೆ ಅವರ ಪರವಾಗಿ ನೀವೇ ಹೆಬ್ಬೆರಳು ಎತ್ತಿ. ಚಳಿ ಮೊದಲು ಕೆಡಿಸುವುದು ಯೋಚನೆಯನ್ನು, ಅವರಿಗೆ ಅದು ಗೊತ್ತಾಗುವುದಿಲ್ಲ.

ಹೆಜ್ಜೆ 9: ಮೇಲೆ ಬಂದ ಮೇಲೆ

ಒದ್ದೆ ಹುಡ್ ತೆಗೆದು ತಕ್ಷಣ ಉಣ್ಣೆ ಟೋಪಿ. ಗಾಳಿ ಬೀಸುತ್ತಿದ್ದರೆ ಕಾರಿನ ಮರೆಗೆ ಹೋಗಿ ಸೂಟ್ ಬಿಚ್ಚಿ. ಫ್ಲಾಸ್ಕಿನಲ್ಲಿ ಬಿಸಿ ಏನಾದರೂ ಇರಲಿ. ಕೆಲವರು ಕಾಫಿ ತರುತ್ತಾರೆ, ನಾನು ತಿಳಿಸಾರು. ಮದ್ಯ ಬೇಡ, ಚರ್ಮಕ್ಕೆ ರಕ್ತ ಹರಿಸಿ ಒಳಗಿನ ಶಾಖ ಕಳೆಯುತ್ತದೆ.

ಬ್ಯಾನ್ಫ್‌ನಲ್ಲಿ ಪ್ರಸಿದ್ಧ ಬಿಸಿನೀರಿನ ಬುಗ್ಗೆ ಇದೆ. ನಡುಗುತ್ತಾ ಮೇಲೆ ಬಂದವರಿಗೆ ಮೊದಲು ನೆನಪಾಗುವುದು ಅದೇ. ಹೋಗಬೇಡಿ. ಅದು ಸರೋವರಕ್ಕಿಂತ ಎತ್ತರದಲ್ಲಿದೆ, ಮತ್ತು ಡೈವ್ ಆದ ಕೂಡಲೇ ಮೈಗೆ ಜೋರು ಬಿಸಿ ತಾಗಿದರೆ ಗುಳ್ಳೆ ಕಟ್ಟುವ ಸಾಧ್ಯತೆ ಏರುತ್ತದೆ. ಮನೆಯ ಬಿಸಿ ಸ್ನಾನವನ್ನೂ ಮುಂದೂಡಿ. ಒಣ ಬಟ್ಟೆ, ಕಂಬಳಿ, ಬಿಸಿ ಪಾನೀಯ ಸಾಕು.

ಮಾತು ತೊದಲಿದರೆ, ನಡಿಗೆ ತಡವರಿಸಿದರೆ, ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿದರೆ ಅದು ಹೈಪೋಥರ್ಮಿಯಾ. ಕೀಲು ನೋವು, ಚರ್ಮದ ಮೇಲೆ ಚುಕ್ಕೆ, ಜೋಮು, ವಿಪರೀತ ಸುಸ್ತು ಇದ್ದರೆ ನೈಟ್ರೋಜನ್ ಕಾಯಿಲೆ ಇರಬಹುದು. ಬೆರಳ ಜೋಮನ್ನು ಚಳಿ ಎಂದುಕೊಂಡು ಬಿಡಬೇಡಿ. ಮೈ ಬೆಚ್ಚಗಾದ ಮೇಲೂ ಹೋಗದಿದ್ದರೆ ಆಮ್ಲಜನಕ ಕೊಟ್ಟು ಆಸ್ಪತ್ರೆಗೆ ಹೊರಡಿ.

ಹೆಜ್ಜೆ 10: ಸಾಮಾನು ತೊಳೆದು ಒಣಗಿಸುವುದು

ಇದನ್ನು ಕಡೆಗಣಿಸುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. 2016ರಲ್ಲಿ ಮಿನ್ನೆವಾಂಕಾದ ಪಕ್ಕದಲ್ಲೇ ಇರುವ ಜಾನ್ಸನ್ ಸರೋವರದಲ್ಲಿ ಮೀನುಗಳಿಗೆ ಬರುವ ವರ್ಲಿಂಗ್ ರೋಗ ಪತ್ತೆಯಾಯಿತು. ಕೆನಡಾದಲ್ಲೇ ಅದು ಮೊದಲು. ಅಂಥ ರೋಗದ ಕಣಗಳು ಒದ್ದೆ ಬೂಟಿನ ಕೆಸರಿನಲ್ಲಿ, ಬಿಸಿಡಿಯೊಳಗೆ ಉಳಿದ ಲೋಟ ನೀರಿನಲ್ಲಿ ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುತ್ತವೆ. ಜೀಬ್ರಾ ಮಸಲ್‌ನಂಥ ಚಿಪ್ಪುಗಳೂ ಹಾಗೆಯೇ. ದಡದಲ್ಲೇ ಕೆಸರು ಉಜ್ಜಿ ತೆಗೆಯಿರಿ. ಬಿಸಿಡಿಯ ನೀರು ಪೂರ್ತಿ ಬಸಿಯಿರಿ. ಮನೆಯಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲಷ್ಟೇ ಬೇರೆ ನೀರಿಗೆ ಒಯ್ಯಿರಿ. ನೀರಿಗಿಳಿಯುವ ಸಾಮಾನಿಗೆ ಪಾರ್ಕ್ಸ್ ಕೆನಡಾದ ಪರವಾನಗಿ ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರ ಅವರ ಜಾಲತಾಣ ನೋಡಿಯೇ ಹೊರಡಿ.

ಸೂಟನ್ನು ನೆರಳಲ್ಲಿ ತಲೆಕೆಳಗಾಗಿ ನೇತುಹಾಕಿ, ಜಿಪ್ ತೆರೆದಿಡಿ. ಒಣಗಿದ ಮೇಲೆ ಲೋಹದ ಜಿಪ್ಪಿಗೆ ಮೇಣ ಸವರಿ, ಸೀಲ್‌ಗೆ ಮತ್ತೆ ಪುಡಿ.

ಅವತ್ತೇ ರಾತ್ರಿ ಲಾಗ್‌ಬುಕ್ ಬರೆಯಿರಿ. ಎಷ್ಟು ಆಳ, ಎಷ್ಟು ನಿಮಿಷ ಎನ್ನುವುದನ್ನು ಕಂಪ್ಯೂಟರ್ ಇಟ್ಟುಕೊಂಡಿರುತ್ತದೆ. ನೀವು ಬರೆಯಬೇಕಾದ್ದು ತಳದ ತಾಪಮಾನ, ಹಾಕಿದ್ದ ಒಳಬಟ್ಟೆ, ಸೀಸದ ತೂಕ, ಮತ್ತು ಎಷ್ಟನೇ ನಿಮಿಷಕ್ಕೆ ಬೆರಳು ಮಾತು ಕೇಳುವುದನ್ನು ಬಿಟ್ಟಿತು ಅನ್ನುವುದು. ನನ್ನ ಪುಸ್ತಕದ ಮೊದಲ ಪುಟದಲ್ಲಿ ಆ ಜಾಗದಲ್ಲಿ 8 ಎಂದಿದೆ. ಕಳೆದ ಸೆಪ್ಟೆಂಬರಿನ ಪುಟದಲ್ಲಿ 34.